ಮಾರ್ಕೋನಹಳ್ಳಿಯ ಏರಿಯೂ ಮಣ್ಣಿನ ಕುಶಲರೂ

ಶಿಂಷಾ ನದಿಯು ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ತುಮಕೂರು ಸೀಮೆಯ ಕೆರೆಗಳನ್ನು ತುಂಬುತ್ತ ದಕ್ಷಿಣಾಭಿಮುಖವಾಗಿ ಹರಿದು, ಶಿವನಸಮುದ್ರದ ಕೆಳಗೆ ಕಾವೇರಿಯಲ್ಲಿ ಲೀನವಾಗತಕ್ಕ ಸಣ್ಣ ನದಿ. ಬೇಸಗೆಯಲ್ಲಿ ಇದನ್ನು ಮಕ್ಕಳೂ ದಾಟಬಹುದು. ಮುಂಗಾರು ಹಿಂಗಾರುಗಳಲ್ಲಿ ಒಂದೆರಡು ದೊಡ್ಡ ಮಳೆಗಳು ಮೇಲಿಂದ ಮೇಲೆ ಬಿದ್ದುವೆಂದರೆ ಇದರ ಸ್ವಭಾವವೇ ಬೇರೆಯಾಗುತ್ತದೆ. ಈ ನದಿಗೆ ಗುಬ್ಬಿಯ ಸೀಮೆಯಲ್ಲಿ ಕಡಬದ ಕೆರೆಯ ಏರಿಯನ್ನು ಹಿಂದಿನವರು ಹಾಕಿದರು. ಸ್ಥಳದ ಐತಿಹ್ಯವು ಆ ಕೆಲಸವನ್ನು ಶ್ರೀರಾಮನವರೆಗೂ ಒಯ್ಯುತ್ತದೆ. ಕುಣಿಗಲು ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಇದಕ್ಕೆ ಹಾಕಿದ ಕಟ್ಟೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯ ಕಡೆಯ ವರ್ಷಗಳದು. ನಡುವೆ 139 ಮೀಟರುಗಳ ಕಲ್ಲುಕಟ್ಟಡ; ಇಕ್ಕೆಲಗಳಲ್ಲಿ 1,470 ಮೀಟರುಗಳಷ್ಟು ಉದ್ದವಾದ ಮಣ್ಣಿನ ಏರಿ. ಇದರ ನೀರನ್ನು ನಂಬಿದ ನೆಲ ಸುಮಾರು 15,000 ಎಕರೆ.

ಈ ಕಟ್ಟೆಯನ್ನು ನೋಡಲು ಬರುವವರೆಲ್ಲರೂ ಮೊದಲು ಕೇಳುವುದು ಸೈಫನ್ನುಗಳ ವಿಷಯವನ್ನು. ಕಟ್ಟೆಯ ತಲೆಯ ಮೇಲೆ ಕವುಚಿಟ್ಟ ಕವಚದ ಒಳಗೆ ಬಾಗಿದ ದಾರಿಯೊಂದುಂಟು. ಜಲಾಶಯದ ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ತೆಳುವಾದ ಧಾರೆಯೊಂದು ಆ ದಾರಿಯಲ್ಲಿ ಇಳಿಯತೊಡಗುತ್ತದೆ. ಇಳಿಯುವಾಗ ಒಳಗಿನ ಗಾಳಿಯನ್ನೂ ಸೆಳೆದೊಯ್ಯುತ್ತದೆ. ಗಾಳಿ ಬರಿದಾದಾಗ ದಾರಿಯೆಲ್ಲ ನೀರಿನಿಂದ ತುಂಬಿ, ಜಲಾಶಯದ ಮಟ್ಟಕ್ಕೂ ಹೊರಬಾಯಿಗೂ ಇರುವ ಎತ್ತರದ ಸಂಪೂರ್ಣ ಬಲದಿಂದ ನುಗ್ಗುತ್ತದೆ. ನೀರು ಇಳಿದು ಗಾಳಿ ಮತ್ತೆ ಒಳಹೊಕ್ಕರೆ ತಾನೇ ನಿಲ್ಲುತ್ತದೆ. ಬಾಗಿಲಿಲ್ಲ, ತಿರುಪಿಲ್ಲ, ಅದನ್ನು ಎತ್ತಲು ಮಳೆಯಲ್ಲಿ ನೆನೆಯುತ್ತ ಓಡಿಬರುವ ಆಳೂ ಇಲ್ಲ. ಮೈಸೂರಿನ ಇಂಜಿನಿಯರುಗಳು ಈ ವಿದ್ಯೆಯಲ್ಲಿ ಆ ಕಾಲಕ್ಕೆ ಮುಂದಾಗಿದ್ದರು. ಗಣೇಶ ಅಯ್ಯರ್ ಎಂಬವರು ರೂಪಿಸಿದ ಸುರುಳಿಯಾಕಾರದ ಸೈಫನ್ನುಗಳನ್ನು ಶರಾವತಿಯ ಹಿರೇಭಾಸ್ಕರ ಕಟ್ಟೆಯಲ್ಲಿ ಅಳವಡಿಸಿದರು. ಆ ಕಟ್ಟೆ 1964ರಲ್ಲಿ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತು. ಮಾರ್ಕೋನಹಳ್ಳಿಯದು ಇಂದಿಗೂ ಕೆಲಸದಲ್ಲಿದೆ.

ಇಂಥ ಉಪಾಯವು ಏಕೆ ಬೇಕಾಯಿತೆಂಬುದನ್ನು ಏರಿಯೇ ಹೇಳುತ್ತದೆ. ಕಲ್ಲಿನ ಕಟ್ಟೆಯ ಮೇಲೆ ನೀರು ಹರಿದರೆ ಅದು ತಾಳಿಕೊಳ್ಳಬಲ್ಲುದು. ಮಣ್ಣಿನ ಏರಿಯ ಮೇಲೆ ಹರಿದರೆ ಕೆಲವು ಗಳಿಗೆಗಳಲ್ಲಿ ಏರಿಯೇ ಇರುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1889ರ ಮೇ 31ರಂದು ಹೀಗೆಯೇ ಮಣ್ಣಿನ ಕಟ್ಟೆಯೊಂದರ ನೆತ್ತಿಯನ್ನು ನೀರು ಮೀರಿ, ಕೆಳಗಣ ಜಾನ್ಸ್‌ಟೌನ್ ಪಟ್ಟಣದಲ್ಲಿ 2,200ಕ್ಕೂ ಹೆಚ್ಚು ಜನ ಸತ್ತರು. ಆದುದರಿಂದ ಸೈಫನ್ನು ಏರಿಯ ಕಾವಲುಗಾರ. ಲೋಕವು ಹೊಗಳುವುದು ಕಾವಲುಗಾರನನ್ನು. ಕಾಯಲ್ಪಟ್ಟ ವಸ್ತುವನ್ನು ಕಟ್ಟಿದವರ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ.

ಕೀರ್ತಿಗೆ ಒಂದೇ ಹೆಸರನ್ನು ಹಿಡಿದುಕೊಳ್ಳುವ ಚಾಳಿಯುಂಟು. ಮಾರ್ಕೋನಹಳ್ಳಿಯನ್ನೂ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಕಟ್ಟಿಸಿದರೆಂದು ಹೇಳುವುದು ವಾಡಿಕೆಯಾಗಿದೆ. ಅವರು ದಿವಾನಗಿರಿಯನ್ನು ಬಿಟ್ಟದ್ದು 1918ರಲ್ಲಿ; ಈ ಕಟ್ಟೆ ಬಹಳ ತರುವಾಯದ್ದು. ತಾನಾಗಿ ತೆರೆಯುವ ಬಾಗಿಲುಗಳನ್ನು ಅವರು 1903ರಲ್ಲಿ ಪುಣೆಯ ಬಳಿಯ ಖಡಕ್ವಾಸ್ಲಾದಲ್ಲಿ ಇಡಿಸಿದ್ದುದರಿಂದ ಈ ಹೊಂದಾಣಿಕೆ ಸುಲಭವಾಗಿರಬೇಕು. ಅವರ ದೊಡ್ಡತನಕ್ಕೆ ಇದರಿಂದ ಕೊರತೆಯೇನೂ ಇಲ್ಲ. ಆದರೆ ಇಂಜಿನಿಯರರ ಹೆಸರೇ ಹೀಗೆ ಕಲಸಿಹೋಗುವ ಪಕ್ಷದಲ್ಲಿ, ಬುಟ್ಟಿ ಹೊತ್ತವರ ಪಾಡೇನೆಂಬುದನ್ನು ಊಹಿಸಬಹುದು.

ನಮ್ಮ ಹಿಂದಿನವರು ಈ ವಿಷಯದಲ್ಲಿ ಹೆಚ್ಚು ನ್ಯಾಯವಾಗಿ ನಡೆದುಕೊಂಡರೆಂದು ತೋರುತ್ತದೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕಟ್ಟಿಸಿದ ಕೆರೆಯ ಶಾಸನ 1369ನೆಯ ಇಸವಿಯದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅದು ಎಣಿಸುತ್ತದೆ. ಧರ್ಮಿಷ್ಠನಾದ ದೊರೆಯಿಂದ ಮೊದಲಾದ ಆ ಪಟ್ಟಿ, ಕಟ್ಟುವ ಕಲೆಯನ್ನು ಬಲ್ಲ ಜನರ ತಂಡದಿಂದ ಮುಗಿಯುತ್ತದೆ. ದಿನವೂ ಸಾವಿರ ಆಳುಗಳು, ಕಲ್ಲು ಸಾಗಿಸಲು ನೂರು ಬಂಡಿಗಳು, ಎರಡು ವರ್ಷಗಳ ಕಾಲ ದುಡಿದುದನ್ನೂ ಶಾಸನವು ಮರೆಯದೆ ಹೇಳಿದೆ. ದೊರೆ, ಜಲಶಾಸ್ತ್ರಜ್ಞ, ಗಟ್ಟಿಮಣ್ಣಿನ ನೆಲ ಇವುಗಳ ಸಾಲಿನಲ್ಲಿಯೇ ಕೆಲಸಗಾರನಿಗೂ ಸ್ಥಾನ ದೊರೆತಿದೆ.

ಕನ್ನಡ ನಾಡಿನಲ್ಲಿ ಈ ಕಲೆಯು ಬಹುಮಟ್ಟಿಗೆ ಒಡ್ಡರೆಂದು ಹಿಂದೆ ಕರೆಯುತ್ತಿದ್ದ, ಈಗ ಭೋವಿಗಳೆಂದು ಹೆಸರಾದ ಜನಾಂಗದ ಸೊತ್ತು. ಒಡ್ರದೇಶದಿಂದ ಬಂದವರೆಂದು ಈ ಹೆಸರನ್ನು ಬಿಡಿಸುವವರುಂಟು. ಒಡ್ಡು ಕಟ್ಟುವವರೆಂದು ಬಿಡಿಸುವವರೂ ಉಂಟು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ನನು ಇವರನ್ನು ಕಾಲುವೆ, ಬಾವಿ, ಕೆರೆಗಳನ್ನು ತೋಡುವವರೆಂದೂ ಕಟ್ಟೆ, ರಸ್ತೆಗಳನ್ನು ಹಾಕುವವರೆಂದೂ ಬರೆದಿದ್ದಾನೆ. ಕಲ್ಲಿನವರು, ಮಣ್ಣಿನವರು, ಬಂಡಿಯವರು ಎಂದು ಇವರಲ್ಲಿ ವಿಭಾಗಗಳಿದ್ದುವು. ಗುತ್ತಿಗೆಯ ಕೆಲಸಕ್ಕೆ ಸಂಸಾರವೇ ಹೊರಡುತ್ತಿತ್ತು: ಗಂಡಸರು ಅಗೆಯುವರು, ಹೆಂಗಸರು ಹೊರುವರು, ಕೂಸು ಮರದ ಕೊಂಬೆಗೆ ಕಟ್ಟಿದ ಬಟ್ಟೆಯ ತೊಟ್ಟಿಲಲ್ಲಿ ತೂಗುವುದು. ಮಣ್ಣು ತೆಗೆದ ಗುಂಡಿಯಲ್ಲಿ ಅಲ್ಲಲ್ಲಿ ಅಗೆಯದೆ ಬಿಟ್ಟ ದಿಬ್ಬಗಳೇ ಅವರ ಲೆಕ್ಕದ ಪುಸ್ತಕ. ಅವುಗಳ ಎತ್ತರವನ್ನು ಅಳೆದು ಕೂಲಿಯನ್ನು ಗೊತ್ತುಮಾಡುತ್ತಿದ್ದರು.

ಮಣ್ಣು ಹಾಕುವುದರಲ್ಲಿ ಕುಶಲತೆ ಏನಿದೆಯೆಂದು ಕೇಳುವವರು ಏರಿಯ ಒಳಗನ್ನು ತಿಳಿಯದವರು. ಏರಿ ಮಣ್ಣಿನ ರಾಶಿಯಲ್ಲ. ನೀರನ್ನು ತಡೆಯತಕ್ಕ ಜಿಗುಟುಮಣ್ಣು ನಡುವೆ ಇರಬೇಕು. ಅದನ್ನು ಒತ್ತಿ ಹಿಡಿಯತಕ್ಕ ಮೊರಮಣ್ಣು ಹೊರಗಿರಬೇಕು. ಒಂದು ಗೇಣಿಗೆ ಮೀರದ ಪದರಗಳಾಗಿ ಹರವಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದು, ಎತ್ತುಗಳು ಎಳೆಯುವ ಕಲ್ಲುರುಳೆಯನ್ನು ಆಡಿಸಿ, ಮೇಲ್ಮೈಯನ್ನು ಕೆರೆದು, ಮೇಲಣ ಪದರವನ್ನು ಹಾಕಬೇಕು. ನೀರು ಕಡಮೆಯಾದರೆ ಮಣ್ಣು ಕೂಡಿಕೊಳ್ಳದು. ಹೆಚ್ಚಾದರೆ ಉರುಳೆಯ ಕೆಳಗೆ ಹಿಟ್ಟಿನಂತೆ ಜರಗುವುದು. ನಡುವಣ ಹದವನ್ನು ನುರಿತ ಕೆಲಸಗಾರನು ಹಿಡಿ ಮಣ್ಣನ್ನು ಅಂಗೈಯಲ್ಲಿ ಹಿಸುಕಿ ನೋಡಿ ತಿಳಿಯುತ್ತಿದ್ದನು: ಉಂಡೆ ನಿಲ್ಲಬೇಕು, ಕೈಗೆ ಕೆಸರು ಮೆತ್ತಬಾರದು. ಇದೇ ಹದಕ್ಕೆ ಅಳತೆಯ ಶಾಸ್ತ್ರವನ್ನು ಕ್ಯಾಲಿಫೋರ್ನಿಯಾದ ಪ್ರಾಕ್ಟರ್ ಎಂಬ ಇಂಜಿನಿಯರು 1933ರಲ್ಲಿ ಪ್ರಕಟಿಸಿದನು. ಇಂದಿಗೂ ಲೋಕದ ಏರಿಗಳನ್ನೆಲ್ಲ ಆ ಪರೀಕ್ಷೆಯಿಂದಲೇ ತೂಗುತ್ತಾರೆ. ಶಾಸ್ತ್ರವು ಅಂಗೈಯನ್ನು ಸುಳ್ಳುಮಾಡಲಿಲ್ಲ; ಅದರ ಜ್ಞಾನಕ್ಕೆ ಅಂಕಿಗಳನ್ನು ಕೊಟ್ಟಿತು.

ಕಲ್ಲಿನ ಕೆಲಸದಲ್ಲಿಯೂ ಹೀಗೆಯೇ. ಬಂಡೆಯ ಮೇಲೆ ಸಾಲಾಗಿ ಸೌದೆಯ ಬೆಂಕಿಯಿಟ್ಟು, ಅದನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತ, ಸುತ್ತಿಗೆಯಿಂದ ತಟ್ಟಿ ದನಿಯನ್ನು ಕೇಳಿ, ಪದರವು ಎಲ್ಲಿಯವರೆಗೆ ಬಿಟ್ಟಿತೆಂಬುದನ್ನು ನಿರ್ಧರಿಸುವ ಪದ್ಧತಿಯನ್ನು ಕುರಿತು ವಾರ್ತ್ ಎಂಬ ವಿದ್ವಾಂಸನು 1895ರಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ಆಶ್ಚರ್ಯದಿಂದ ಬರೆದನು. ಆ ಕಲ್ಲುಕುಟಿಗರಿಗೆ ಕಿವಿಯೇ ಮಾಪಕಯಂತ್ರ.

ಈಗ ಗುದ್ದಲಿಯ ಸ್ಥಾನಕ್ಕೆ ಯಂತ್ರ ಬಂದಿದೆ. ಉಗಿಯಿಂದ ಅಗೆಯುವ ಯಂತ್ರಕ್ಕೆ ಅಮೆರಿಕದ ವಿಲಿಯಂ ಓಟಿಸನು 1839ರಲ್ಲಿ ಹಕ್ಕುಪತ್ರವನ್ನು ಪಡೆದನು. 1904ರಿಂದ 1914ರ ವರೆಗೆ ಅಮೆರಿಕನರು ನಡೆಸಿದ ಪನಾಮಾ ಕಾಲುವೆಯ ಕೆಲಸದಲ್ಲಿ ಅಂಥ ಯಂತ್ರವೊಂದನ್ನು ನಡೆಸಲು ಇಬ್ಬರು ಪ್ರವೀಣರ ಕೈಗಳು ಒಂದಾಗಬೇಕಾಗಿತ್ತು. ನಮ್ಮಲ್ಲಿ 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು ಬೆಂಗಳೂರು, ಕೋಲಾರದ ಚಿನ್ನದ ಗಣಿ ಮೊದಲಾದ ಕಡೆಗಳಲ್ಲಿ ಕಾರ್ಖಾನೆಗಳನ್ನು ನಡೆಸಿ, ಮಣ್ಣು ನೂಕುವ, ಎತ್ತುವ, ಸಾಗಿಸುವ ಯಂತ್ರಗಳನ್ನು ದೇಶಕ್ಕೆ ಒದಗಿಸಿತು. ಇಂದು ಹಳ್ಳಿಯ ಕೆರೆಯ ಹೂಳೆತ್ತುವಾಗ ಕಾಣುವ ಯಂತ್ರಗಳನ್ನು ಜನ ತಯಾರಕರ ಹೆಸರುಗಳಿಂದಲೇ ಜೆಸಿಬಿ, ಹಿಟಾಚಿ ಎಂದು ಕರೆಯುತ್ತಾರೆ. ಅವು ಕೆಲಸ ಮಾಡುವಲ್ಲಿ ಏರಿಯ ಮೇಲೆ ಮಕ್ಕಳೂ ಮುದುಕರೂ ಕೆಲಸ ಬಿಟ್ಟು ನಿಂತು ನೋಡುವುದುಂಟು. ಅವರನ್ನು ಸೋಮಾರಿಗಳೆನ್ನಬಾರದು, ಕುಶಲತೆಯನ್ನು ಗುರುತಿಸುವ ಕಣ್ಣು ಮಣ್ಣಿನಲ್ಲಿ ದುಡಿದವರಿಗೆ ಸಹಜವಾದುದು.

ಅವರು ನೋಡುವುದೇನು? ಯಂತ್ರದ ತೋಳಿನಲ್ಲಿ ಮೂರು ಕೀಲುಗಳು. ಒಂದೊಂದು ಕೀಲೂ ಕಮಾನಿನಂತೆಯೇ ತಿರುಗಬಲ್ಲುದು, ನೇರವಾಗಿ ಚಲಿಸಲಾರದು. ನೆಲವನ್ನು ಸಮವಾಗಿ ಕೆರೆಯಬೇಕಾದರೆ ಚಾಲಕನು ಎರಡು ಕೈಗಳ ಸನ್ನೆಕೋಲುಗಳಿಂದ ಮೂರನ್ನೂ ಏಕಕಾಲದಲ್ಲಿ ಆಡಿಸಿ, ಮೂರು ವೃತ್ತಗಳಿಂದ ಒಂದು ಸರಳರೇಖೆಯನ್ನು ಎಳೆಯಬೇಕು. ಹೂಳು ಮುಗಿದು ನೀರು ಹಿಡಿಯುವ ಗಟ್ಟಿ ಜಿಗುಟುಮಣ್ಣು ಮೊದಲಾಗುವ ಕಡೆ ಅವನು ನಿಲ್ಲಿಸಬೇಕು. ಒಂದು ಮೊಳ ಹೆಚ್ಚಾಗಿ ತೋಡಿದನೋ, ಕೆರೆಯ ತಳವೇ ತೂತಾಗಿ ಮುಂದಿನ ಮಳೆಯ ನೀರೆಲ್ಲ ಇಂಗಿಹೋದೀತು. ಆ ಗಡಿಯನ್ನು ಅವನು ಅರಿಯುವುದು ಬಕೆಟ್ಟಿನ ಹಲ್ಲಿಗೆ ತಗಲುವ ಬಿಗಿಯಿಂದ, ಇಂಜಿನ್ನಿನ ದನಿ ಭಾರವಾಗುವುದರಿಂದ, ಕೆದಕಿದ ಮಣ್ಣಿನ ಬಣ್ಣದಿಂದ. ಅಂಗೈಯಲ್ಲಿ ಉಂಡೆ ಹಿಸುಕಿದವನ ವಿದ್ಯೆಯೂ ಬಂಡೆಯ ದನಿಗೆ ಕಿವಿಗೊಟ್ಟವನ ವಿದ್ಯೆಯೂ ಅವನಲ್ಲಿ ಕೂಡಿವೆ. ನೂರು ಆಳುಗಳ ಬಲ ಅವನ ಬೆರಳಿಗೆ ಬಂದಿದೆ. ಆದುದರಿಂದ ತಪ್ಪಿನ ಬೆಲೆಯೂ ಅಷ್ಟೇ ಬೆಳೆದಿದೆ.

ಯಂತ್ರವು ಮನುಷ್ಯನ ಕೈಯನ್ನು ಬಿಡಿಸಬಹುದು, ಕಣ್ಣನ್ನು ಬಿಡಿಸಲಾರದೆಂಬ ಮಾತಿಗೆ ಮಾರ್ಕೋನಹಳ್ಳಿಯೇ ದುಃಖದ ಸಾಕ್ಷಿಯಾಯಿತು. 2025ರ ಅಕ್ಟೋಬರಿನಲ್ಲಿ ಕಟ್ಟೆಯ ಕೆಳಗೆ ನೀರಿಗಿಳಿದಿದ್ದ ವಿಹಾರಾರ್ಥಿಗಳ ಮೇಲೆ ಸೈಫನ್ನಿನ ನೀರು ಥಟ್ಟನೆ ನುಗ್ಗಿ, ಒಂದೇ ಕುಟುಂಬದ ಹಲವರು ಕೊಚ್ಚಿಹೋದರು. ಸೈಫನ್ನು ತನಗೆ ವಿಧಿಸಿದ ಕೆಲಸವನ್ನು ಮಾಡಿತು: ನೀರಿನ ಮಟ್ಟವನ್ನು ಅರಿಯಿತು, ತೆರೆಯಿತು. ಕೆಳಗೆ ಯಾರಿದ್ದಾರೆಂದು ನೋಡುವ ಕೆಲಸವನ್ನು ಅದಕ್ಕೆ ಯಾರೂ ಹೇಳಿರಲಿಲ್ಲ. ಹೇಳಲು ಸಾಧ್ಯವೂ ಇರಲಿಲ್ಲ. ಕೆರೆಯ ತೂಬನ್ನು ಎತ್ತುವ ನೀರುಗಂಟಿ ಮೊದಲು ಕಾಲುವೆಯ ಕಡೆಗೆ ಒಮ್ಮೆ ನೋಡಿ, ಬಟ್ಟೆ ಒಗೆಯುವವರನ್ನೂ ದನ ತೊಳೆಯುವವರನ್ನೂ ಕೂಗಿ ಎಬ್ಬಿಸಿ, ಆಮೇಲೆ ಕೈ ಹಾಕುತ್ತಾನೆ. ಆ ಕೂಗು ಯಾವ ನಕ್ಷೆಯಲ್ಲಿಯೂ ಬರೆದದ್ದಲ್ಲ. ತಾನಾಗಿ ನಡೆಯುವ ಯಂತ್ರವಿರುವೆಡೆಯಲ್ಲಿ ಅಂಥ ಕೂಗೊಂದನ್ನು ಬೇರೆಯಾಗಿ ಏರ್ಪಡಿಸುವುದು ಮನುಷ್ಯನ ಹೊಣೆ.

ಮಳೆಗಾಲದಲ್ಲಿ ಮಾರ್ಕೋನಹಳ್ಳಿಗೆ ಹೋದವರು ಸೈಫನ್ನುಗಳ ಬಿಳಿಯ ನೊರೆಯನ್ನು ನೋಡಿ ಮೆಚ್ಚಿ ಬರುವುದು ಸಹಜ. ಆದರೆ ಅದಕ್ಕಿಂತ ಹತ್ತರಷ್ಟು ಉದ್ದವಾಗಿ, ಯಾವ ಸದ್ದೂ ಮಾಡದೆ, ಎಂಬತ್ತಕ್ಕೂ ಮಿಕ್ಕ ವರ್ಷಗಳಿಂದ ಮಳೆ ಬಿಸಿಲುಗಳನ್ನು ತಾಳಿಕೊಂಡು ಇಕ್ಕೆಲಗಳಲ್ಲಿಯೂ ಮಣ್ಣಿನ ಏರಿ ಮಲಗಿದೆ. ಅದರ ಒಂದೊಂದು ಪದರವೂ ಯಾರೋ ಒಬ್ಬನು ಹದ ನೋಡಿ ಹಾಕಿದುದು. ಅದು ಜರಿಯದೆ ನಿಂತಿರುವುದೇ ಆ ಕೈಗಳ ಶಾಸನ.