ಗಡಿ ಸರಿದರೂ ಉಳಿದ ಮಠ: ತಿರುವೊಟ್ಟಿಯೂರು

ಚೆನ್ನೈನ ಉತ್ತರ ತುದಿಯಲ್ಲಿ ಕಡಲಿಗೆ ಅಂಟಿಕೊಂಡಿರುವ ತಿರುವೊಟ್ಟಿಯೂರನ್ನು ಇಂದು ಯಾರೂ ಗಡಿಯೂರೆಂದು ಕರೆಯುವುದಿಲ್ಲ. 1950ರ ದಶಕದಿಂದ ರಾಯಲ್ ಎನ್‌ಫೀಲ್ಡ್ ಮೋಟಾರ್ ಸೈಕಲ್ ತಯಾರಾದ ಊರು ಅದು. 2011ರಲ್ಲಿ ಚೆನ್ನೈ ಮಹಾನಗರ ಪಾಲಿಕೆಗೆ ಸೇರಿತು, 2021ರಲ್ಲಿ ಮೆಟ್ರೊ ರೈಲು ಅಲ್ಲಿಗೂ ಬಂತು. ಆದರೆ ಹತ್ತನೆಯ ಶತಮಾನದಲ್ಲಿ ಚೋಳರ ಮತ್ತು ರಾಷ್ಟ್ರಕೂಟರ ನಡುವಿನ ಗಡಿ ಈ ಸೀಮೆಯ ಮೇಲೆಯೇ ಹಾದುಹೋಯಿತು. ಊರಿನ ಉತ್ತರಕ್ಕೆ ಎಣ್ಣೂರಿನಲ್ಲಿ ಕಡಲು ಸೇರುವ ಕೊಸಸ್ಥಲೈ ನದಿಯ ಗುಂಟ ಪಶ್ಚಿಮಕ್ಕೆ ಹೋದರೆ, ಆ ಗಡಿಯನ್ನು ತೀರ್ಮಾನಿಸಿದ ರಣಭೂಮಿ ತಕ್ಕೋಲದ ಸೀಮೆ ಸಿಗುತ್ತದೆ. ಗಡಿಯೂರಿನ ಚರಿತ್ರೆಯನ್ನು ಗೆದ್ದ ದೊರೆಯ ಬಿರುದಾವಳಿಯಿಂದ ಬರೆದರೆ ಊರು ಕೈತಪ್ಪುತ್ತದೆ. ಊರು ತಾನೇ ಕಲ್ಲಿನಲ್ಲಿ ಬರೆಸಿಟ್ಟ ಲೆಕ್ಕದಿಂದ ಓದಿದರೆ ಮಾತ್ರ ಆ ಊರು ಹೇಗೆ ಬದುಕಿತೆಂಬುದು ತಿಳಿಯುತ್ತದೆ. ಈ ಮಾತಿಗೆ ತಿರುವೊಟ್ಟಿಯೂರಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

949ರ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಪರವಾಗಿ ನಿಂತ ಗಂಗರ ಇಮ್ಮಡಿ ಬೂತುಗ ಚೋಳ ಯುವರಾಜ ರಾಜಾದಿತ್ಯನನ್ನು ಕೊಂದ. ಕನ್ನಡಿಗರಿಗೆ ಈ ಯುದ್ಧ ಗೊತ್ತಿರುವುದು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಿಂದ. ಅದರಲ್ಲಿ ಗೆದ್ದವರ ಸಂಭ್ರಮವಿದೆ, ಬೂತುಗನಿಗೆ ಸಿಕ್ಕ ನಾಡುಗಳ ಪಟ್ಟಿಯಿದೆ. ಮಣಲೆರನೆಂಬ ವೀರ ತನ್ನ ಶೌರ್ಯಕ್ಕೆ ಬಹುಮಾನವಾಗಿ ಕೇಳಿ ಪಡೆದ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಕಾದಾಡಿ ಸತ್ತ ಕಥೆಯೂ ಇದೆ. ಸೋತವರ ದುಃಖ ಎಲ್ಲಿ ದಾಖಲಾಯಿತು ಎಂದು ಹುಡುಕುತ್ತ ಹೋದರೆ ತಿರುವೊಟ್ಟಿಯೂರಿನ ದೇವಾಲಯಕ್ಕೆ ಬರಬೇಕಾಗುತ್ತದೆ. ಕೃಷ್ಣನ ಆಳ್ವಿಕೆಯ 20ನೆಯ ವರ್ಷದ, ಎಂದರೆ ಸುಮಾರು 959ರ, ಸಂಸ್ಕೃತ ಶಾಸನವೊಂದು ಅಲ್ಲಿದೆ. ಕೇರಳದಲ್ಲಿ ಹುಟ್ಟಿ, ವಿದ್ಯೆ ಕಲಿತು, ಚೋಳನಾಡಿಗೆ ಬಂದು ರಾಜಾದಿತ್ಯನ ಆಪ್ತನಾದವನೊಬ್ಬ, ಒಡೆಯ ರಣದಲ್ಲಿ ಬಿದ್ದಾಗ ಪಕ್ಕದಲ್ಲಿ ನಿಂತು ಸಾಯಲಾಗಲಿಲ್ಲವೆಂದು ಕೊರಗಿದ. ಗಂಗೆಯಲ್ಲಿ ಮಿಂದು, ತಿರುವೊಟ್ಟಿಯೂರಿನಲ್ಲಿ ನಿರಂಜನ ಗುರುವಿನಿಂದ ದೀಕ್ಷೆ ಪಡೆದು ಚತುರಾನನ ಪಂಡಿತನಾದ, ಅಲ್ಲಿನ ಮಠದ ಹಿರಿತನ ವಹಿಸಿಕೊಂಡ. ಆತ ದೇವರ ವಿಶೇಷ ಪೂಜೆಗೆ ಚಿನ್ನವನ್ನು ನರಸಿಂಹಮಂಗಲದ ಸಭೆಯ ವಶಕ್ಕೆ ಕೊಟ್ಟದ್ದೇ ಶಾಸನದ ವಿಷಯ. ಸೋತ ರಾಜಕುಮಾರನ ಮೇಲಿನ ನಿಷ್ಠೆ, ಅವನನ್ನು ಕೊಲ್ಲಿಸಿದ ದೊರೆಯ ವರ್ಷದ ಲೆಕ್ಕದಲ್ಲಿ, ಬಹಿರಂಗವಾಗಿ ಕಲ್ಲಿಗೇರಿತು. ಒಂದೇ ಯುದ್ಧದ ಈ ಎರಡು ಕಲ್ಲುಗಳನ್ನು ಜೊತೆಗಿಟ್ಟು ಓದಿದಾಗಲೇ ತಕ್ಕೋಲ ಪೂರ್ತಿಯಾಗಿ ಅರ್ಥವಾಗುವುದು.

ಈ ಓದಿಗೆ ಎರಡು ಆಕ್ಷೇಪಗಳು ಏಳಬಹುದು. ಶಾಸನದಲ್ಲಿ ದೊರೆಯ ವರ್ಷ ಹಾಕುವುದು ಬರಿಯ ರೂಢಿ, ಅದರಿಂದ ಊರಿನ ಮನಸ್ಸನ್ನು ಅಳೆಯಲಾಗದು ಎಂಬುದು ಮೊದಲನೆಯದು. ರೂಢಿಯೇ ನಿಜ. ಆದರೆ ದೊರೆ ಕಾಲಗಣನೆಯಾಗಿ ಮೊದಲ ಸಾಲಿನಲ್ಲಿ ನಿಂತ, ಕೊಡುವವನು, ಪಡೆಯುವ ಸಭೆ, ಪೂಜೆಯ ಕ್ರಮ ಎಲ್ಲವೂ ಊರಿನದೇ ಆಗಿ ಉಳಿದವು. ನನ್ನ ವಾದಕ್ಕೆ ಬಲ ಕೊಡುವುದೇ ಈ ವ್ಯವಸ್ಥೆ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ದಂಡಯಾತ್ರೆಯ ನೋವನ್ನು ಈ ಓದು ಮರೆಮಾಚುವುದಿಲ್ಲವೇ? ‘ಕಚ್ಚಿಯುಂ ತಂಜೈಯುಂ ಕೊಂಡ’ ಎಂದು ಕನ್ನರದೇವನನ್ನು, ಎಂದರೆ ಇದೇ ಕೃಷ್ಣನನ್ನು, ತಮಿಳು ಶಾಸನಗಳು ಕರೆಯುತ್ತವೆ. ಕಂಚಿ, ತಂಜಾವೂರು ಕೈವಶವಾದದ್ದು ಮೆರವಣಿಗೆಯಿಂದಲ್ಲ. 959ರ ಕರ್ಹಾಡ ತಾಮ್ರಪಟದಲ್ಲಿ ಅವನು ಮೇಲ್ಪಾಡಿಯಲ್ಲಿ ಬೀಡುಬಿಟ್ಟು ದಕ್ಷಿಣದ ನಾಡುಗಳನ್ನು ತನ್ನವರಿಗೆ ಹಂಚುತ್ತಿದ್ದ ಸಂಗತಿಯಿದೆ. ಆ ಹಂಚಿಕೆಯ ಭಾರ ಹೊತ್ತವರು ಈ ಸೀಮೆಯ, ಎಂದರೆ ತೊಂಡೈಮಂಡಲದ, ಒಕ್ಕಲುಗಳು. ಅದನ್ನು ಕನ್ನಡಿಗರಾದ ನಾವೇ ಮೊದಲು ಒಪ್ಪಬೇಕು. ಜೊತೆಗೆ ಇನ್ನೊಂದನ್ನೂ ಗಮನಿಸಬೇಕು. ಅದೇ ಕೃಷ್ಣನನ್ನು ಹೊಗಳುವ ಕನ್ನಡ ಶಾಸನ ದೂರದ ಮಧ್ಯಪ್ರದೇಶದ ಜುರಾದಲ್ಲಿದೆ. ಚತುರಾನನ ಮಾತ್ರ ತನ್ನ ಬದುಕನ್ನೂ ದಾನವನ್ನೂ ತಾನು ಕಲಿತ ಸಂಸ್ಕೃತದಲ್ಲೇ ಬರೆಸಿದ. ದಂಡು ಬಂದರೂ ಮಠದ ಮಾತು ಮಠದ್ದಾಗಿಯೇ ಉಳಿಯಿತು.

ರಾಷ್ಟ್ರಕೂಟರ ಅಧಿಕಾರ ಹೆಚ್ಚು ಕಾಲ ನಿಲ್ಲಲಿಲ್ಲ. ಒಂದು ಶತಮಾನ ಕಳೆಯುವುದರೊಳಗೆ ಒಂದನೆಯ ರಾಜೇಂದ್ರ ಚೋಳನ ಕಾಲಕ್ಕೆ, ತಿರುವೊಟ್ಟಿಯೂರಿನ ದೇವಾಲಯದ, ಆನೆಯ ಬೆನ್ನಿನಂತೆ ಹಿಂಬದಿ ದುಂಡಾದ ಗಜಪೃಷ್ಠ ಗರ್ಭಗುಡಿಯನ್ನು ರವಿ ಎಂಬ ಶಿಲ್ಪಿ ಕಲ್ಲಿನಲ್ಲಿ ಕಟ್ಟಿದ. ಕಟ್ಟಿಸುವುದರಲ್ಲಿ ಮುಂದೆ ನಿಂತವನ ಹೆಸರೂ ಚತುರಾನನ ಪಂಡಿತ. ಕಾಲದ ಅಂತರ ನೋಡಿದರೆ ಆತ ಮೊದಲಿನವನಲ್ಲ. ಹೆಸರು ಮಠದ ಪೀಠದೊಡನೆ ಇಳಿದು ಬಂದಿತ್ತು. ಮುಂದೆ ಇದೇ ದೇವಾಲಯದಲ್ಲಿ ಪಾಣಿನಿಯ ವ್ಯಾಕರಣ ಹೇಳಿಕೊಡುವುದಕ್ಕೆಂದೇ ಮಂಟಪವೊಂದು ನಡೆಯಿತು, ಅದಕ್ಕೆ ಭೂಮಿಯನ್ನೂ ಬಿಡಲಾಯಿತು. ಪಲ್ಲವ ಅಪರಾಜಿತನ ಕಾಲದ ಶಾಸನಗಳಿಂದ ಹಿಡಿದು ಚೋಳ, ರಾಷ್ಟ್ರಕೂಟ, ಮತ್ತೆ ಚೋಳ ಎಂದು ದೊರೆಗಳು ಬದಲಾದರೂ ದೀಪದ ಎಣ್ಣೆಗೆ, ಪೂಜೆಗೆ, ಪಾಠಕ್ಕೆ ಬಿಟ್ಟ ದತ್ತಿಗಳ ಮೇಲೆ ಈ ಊರು ತನ್ನ ಬದುಕನ್ನು ಕಟ್ಟಿಕೊಂಡಿತು. ಆತಕೂರಿನ ಕಲ್ಲನ್ನು ಅಭಿಮಾನದಿಂದ ಓದುವ ಕನ್ನಡಿಗ ತಿರುವೊಟ್ಟಿಯೂರಿನ ಕಲ್ಲನ್ನೂ ಅಷ್ಟೇ ಗೌರವದಿಂದ ಓದಬೇಕು. ನಮ್ಮ ಗೆಲುವಿನ ಇನ್ನೊಂದು ಮಗ್ಗುಲಲ್ಲಿ ಒಡೆಯನನ್ನು ಕಳೆದುಕೊಂಡ ಒಬ್ಬ ಮನುಷ್ಯನಿದ್ದ, ಅವನಿಗೆ ನೆರಳು ಕೊಟ್ಟ ಒಂದು ಊರಿತ್ತು.