ಪೊದೆ ಸವರುವಿಕೆ ಮತ್ತು ಗಡಿ ಕಾವಲು: ಸೂಲಿಬೆಲೆ ಹೋಬಳಿ

ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆ ಸೀಮೆಯಲ್ಲಿ ಜಮೀನು ಕಾಯುವುದೆಂದರೆ ಈಗ ಬಹುಮಟ್ಟಿಗೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಯುವುದು ಎಂದಾಗಿದೆ. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾಯಿತು, ಬಳಿಕ ಉಪನಗರ ವರ್ತುಲ ರಸ್ತೆ ಈ ಕಡೆಯೇ ಹಾಯ್ದಿತು. ನೆಲದ ಬೆಲೆ ಏರಿ, ಊರಲ್ಲಿಲ್ಲದವರ ಕೈಸೇರಿದ ಹೊಲಗಳು ಬೀಳುಬಿದ್ದವು. ಆದರೆ ಒತ್ತುವರಿಯನ್ನು ತಂತಿಗಿಂತ ಚೆನ್ನಾಗಿ ತಡೆಯುವುದು ಕಣ್ಣಿಗೆ ಕಾಣುವ ಗಡಿಕಲ್ಲು, ಸವರಿಟ್ಟ ಬದು. ಒಂದು ಗುಂಟೆ ಎಂದರೆ 1,089 ಚದರ ಅಡಿ. 363 ಅಡಿ ಉದ್ದದ ಬದು ಮೂರೇ ಅಡಿ ಸರಿದರೆ ಗುಂಟೆ ಹೋಯಿತು. ಲಂಟಾನ ಕವಿದ ಬದುವಿನಲ್ಲಿ ಇದು ವರ್ಷಕ್ಕೆ ಅರ್ಧ ಅಡಿಯಂತೆ ನಡೆದರೆ ಯಾರಿಗೂ ಗೊತ್ತಾಗದು. ಖಾಸಗಿ ಜಮೀನನ್ನು ಮರಳಿ ಪಡೆಯುವ ದಾವೆಗೆ 1963ರ ಕಾಲಮಿತಿ ಕಾಯ್ದೆ ಕೊಟ್ಟಿರುವುದು 12 ವರ್ಷ.

ಮುಳ್ಳುಪೊದೆಯೇ ಬೇಲಿಯಲ್ಲವೇ ಎಂಬ ವಾದವುಂಟು. ಸಾಲಿನಲ್ಲಿ ನೆಟ್ಟ ಕತ್ತಾಳೆ, ಕಳ್ಳಿ, ಆಡುಕುರಿ ಬಾಯಿ ಹಾಕದ ಲಕ್ಕಿಗೆ ಆ ಮಾತು ಒಪ್ಪುತ್ತದೆ. ಅವು ನೆಟ್ಟಲ್ಲೇ ನಿಲ್ಲುತ್ತವೆ. ಲಂಟಾನ ನಿಲ್ಲುವುದಿಲ್ಲ, ಹಕ್ಕಿ ತಿಂದ ಹಣ್ಣಿನ ಬೀಜದಿಂದ ಹೊಲದೊಳಗೆಲ್ಲ ಹಬ್ಬುತ್ತದೆ. ಅದನ್ನು ಮಚ್ಚಿನಿಂದ ಮೇಲೆ ಕತ್ತರಿಸುವುದು ದಂಡದ ಕೂಲಿ: ಮೊದಲ ಮಳೆಗೆ ಕೂಳೆ ಚಿಗುರಿ, ಒಂದು ಕೊಂಬೆಯಿದ್ದ ಕಡೆ ನಾಲ್ಕಾಗುತ್ತವೆ. ಬುಡದ ಮಣ್ಣು ಬಿಡಿಸಿ, ನೆಲದಿಂದ ಮೂರು ಬೆರಳು ಕೆಳಗೆ ತಾಯಿಬೇರು ಕಡಿದು, ಗಿಡವನ್ನು ಬೇರು ಮೇಲಾಗಿ ಮಗುಚಿ ಒಣಗಲು ಬಿಡಬೇಕು. 1955ರಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದ ಕಾಂಗ್ರೆಸ್ ಗಿಡವನ್ನಾದರೆ ಹೂ ಬಿಡುವ ಮುಂಚೆಯೇ ಕೀಳಬೇಕು. ಅದರ ಎಲೆ ತಿನ್ನಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋ ದುಂಬಿ ಮಳೆಗಾಲದಲ್ಲಷ್ಟೇ ಚುರುಕು. ಕಳೆನಾಶಕ ಅಗ್ಗ ಎನ್ನುವವರು ರೇಷ್ಮೆ ಸೀಮೆಯಲ್ಲಿ ಎರಡು ಬಾರಿ ಯೋಚಿಸಬೇಕು. ಗಾಳಿಯಲ್ಲಿ ತೇಲಿದ ಸಿಂಪಡಣೆ ಪಕ್ಕದ ಹಿಪ್ಪುನೇರಳೆ ಸೊಪ್ಪನ್ನು ಕೆಡಿಸುತ್ತದೆ. ಬೆಂಕಿಯಂತೂ ಬೇಡ, ಅದಕ್ಕೆ ಗಡಿಯ ಗೊಡವೆಯಿಲ್ಲ.

ಊರಲ್ಲಿಲ್ಲದ ಮಾಲೀಕರಿಗೆ ಇದೆಲ್ಲ ಆಗುವ ಮಾತೇ ಎಂಬ ಆಕ್ಷೇಪ ಹಗುರವಾದುದಲ್ಲ. ಆದರೂ ಹದ್ದುಬಸ್ತಿಗೆ ಅರ್ಜಿ ಕೊಟ್ಟು, ಅಕ್ಕಪಕ್ಕದವರ ಎದುರಿಗೇ ಅಳತೆ ಮಾಡಿಸಿ ಕಲ್ಲು ನೆಡಿಸುವುದು ಪದೇ ಪದೇ ಬರುವ ಕೆಲಸವಲ್ಲ. ಮುಂಗಾರಿನ ಕೊನೆಗೆ ಹುರುಳಿ ಚೆಲ್ಲಿದರೂ ಕಳೆ ತಗ್ಗುತ್ತದೆ. ಬೆಳೆ ಪಹಣಿಗೆ ಏರಿದರೆ ಅದೂ ಒಂದು ದಾಖಲೆ. ಅಳತೆಯಿಲ್ಲದೆ ಎಳೆದ ತಂತಿಯಾದರೋ ತಪ್ಪು ಗೆರೆಯನ್ನೇ ಗಟ್ಟಿಮಾಡುತ್ತದೆ. ಆ ತಂತಿಗೆ ಕಂಬದ ಕರೆಂಟು ಕೊಡುವುದು ಅಪರಾಧ, ಸಾಯುವುದು ಹೆಚ್ಚಾಗಿ ದನವೋ ಕೂಲಿಯಾಳೋ.

ಹೊಲಕ್ಕೆ ಕಾಲಿಟ್ಟವರೆಲ್ಲ ಅಪರಾಧಿಗಳೂ ಅಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನ ಪ್ರಕಾರ ಅಪರಾಧವೆಸಗುವ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶ ಇರಬೇಕು. ಕೆರೆಗೋ ತೋಪಿಗೋ ಹೋಗುವ ಬಂಡಿದಾರಿ ಗ್ರಾಮನಕಾಶೆಯಲ್ಲಿದೆಯೇ ಎಂದು ಬೇಲಿಗೆ ಮುಂಚೆಯೇ ನೋಡಿಕೊಳ್ಳುವುದು ಲೇಸು. ದಾರಿಗೆ ಅಡ್ಡ ಎಳೆದ ತಂತಿಯೇ ಎಲ್ಲಕ್ಕಿಂತ ಮೊದಲು ತುಂಡಾಗುವುದು.