ಹಂಚಿನ ಮಾಡು, ಅಪ್ಪಣೆಯ ಕಾಗದ

ಮನೆ ಕಟ್ಟಿ ನೋಡೆಂದ ಹಿರಿಯರು, ಕಟ್ಟಿದ ಮನೆಯನ್ನು ದುರಸ್ತಿ ಮಾಡಿ ನೋಡೆಂದು ಹೇಳಲಿಲ್ಲ. ಆ ಕಷ್ಟ ನಮ್ಮ ಪಾಲಿಗೆ ಉಳಿದಿತ್ತು.

ಮಂಗಳೂರಿನಲ್ಲಿ ಹಂಚಿಗೂ ಪುರಸಭೆಗೂ ಒಂದೇ ವರ್ಷದ ಅಂತರ. ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದುದು 1865ರಲ್ಲಿ. ಪುರಸಭೆ ಹುಟ್ಟಿದುದು 1866ರಲ್ಲಿ. ಹುಲ್ಲಿನ ಮಾಡಿಗೆ ತಗಲಿದ ಕಿಡಿ ನೆರೆಮನೆಯ ಗಡಿಯನ್ನು ಕೇಳುವುದಿಲ್ಲವಷ್ಟೆ. ಹುಲ್ಲು, ಎಲೆ, ಚಾಪೆಗಳ ಮಾಡಿಗೆ ಲಿಖಿತ ಅಪ್ಪಣೆ ಬೇಕೆಂದು 1920ರ ಮದರಾಸು ಜಿಲ್ಲಾ ಪುರಸಭೆಗಳ ಕಾಯ್ದೆ ವಿಧಿಸಿತು. ಅಪ್ಪಣೆಯ ಮೂಲದಲ್ಲಿ ಹೀಗೆ ನೆರೆಯವರ ಹಿತವಿತ್ತೆಂಬುದನ್ನು ಮರೆಯಬಾರದು.

ಅದೇ ಕಾಯ್ದೆ ಗೃಹಸ್ಥನಿಗೆ ಎರಡು ರಕ್ಷಣೆಗಳನ್ನೂ ಇತ್ತಿತು. ಕಟ್ಟಡದ ಅಥವಾ ಕೋಣೆಯ ಸ್ಥಾನವನ್ನೂ ಅಳತೆಯನ್ನೂ ಬದಲಿಸದ ಅಗತ್ಯ ದುರಸ್ತಿಯನ್ನು ಮಾರ್ಪಾಡೆಂದು ಎಣಿಸಬಾರದು. ಒಡೆದ ಹಂಚು, ಗೆದ್ದಲು ತಿಂದ ಪಕ್ಕಾಸು ಬದಲಾಯಿಸಲು ಯಾರನ್ನೂ ಕೇಳಬೇಕಿಲ್ಲ. ಆದರೆ ಹೇಗೂ ಮಾಡು ಬಿಚ್ಚಿದೆಯೆಂದು ಗೋಡೆಯನ್ನು ಒಂದು ಸಾಲು ಮುರಕಲ್ಲಿನಷ್ಟು ಎತ್ತರಿಸಿದರೆ ಅದು ಮಾರ್ಪಾಡು. ನಮಗೆ ಎರಡೂ ಒಂದೇ ಕೆಲಸ. ತಪಾಸಣೆಗೆ ಬಂದವರಿಗೆ ಬೇರೆ ಬೇರೆ. ಜಗಳವೆಲ್ಲ ಹುಟ್ಟುವುದು ಈ ಒಂದು ಸಾಲು ಕಲ್ಲಿನ ಮೇಲೆಯೇ.

ಎರಡನೆಯ ರಕ್ಷಣೆ ವಿಳಂಬದ ವಿರುದ್ಧ. ಅಧಿಕಾರಿ ಅವಧಿಯೊಳಗೆ ಉತ್ತರಿಸದಿದ್ದರೆ ಪುರಸಭೆಗೇ ಬರೆದುಕೊಳ್ಳಬಹುದು. ಅದೂ ಒಂದು ತಿಂಗಳು ಮೌನವಾಗಿದ್ದರೆ ಅಪ್ಪಣೆ ದೊರೆತಂತೆಯೇ ಲೆಕ್ಕ. 1956ರಲ್ಲಿ ರಾಜ್ಯ ಬದಲಾಯಿತು, 1980ರಲ್ಲಿ ಪುರಸಭೆ ಮಹಾನಗರಪಾಲಿಕೆಯಾಯಿತು. ಪಾಲಿಕೆಗೆ ಅನ್ವಯಿಸಿದ 1976ರ ಕಾಯ್ದೆಯಲ್ಲಿಯೂ ಈ ಏರ್ಪಾಡು ಉಳಿದುಬಂತು: ಆಯುಕ್ತರಿಗೆ 30 ದಿನ, ಅವರು ಸುಮ್ಮನಿದ್ದರೆ ಸ್ಥಾಯಿ ಸಮಿತಿಗೆ ಒಂದು ತಿಂಗಳು.

ಕಚೇರಿ ತಡಮಾಡಬಹುದೆಂದು ಕಾಯ್ದೆ ಬರೆದವರಿಗೆ ತಿಳಿದಿತ್ತು. ಮಳೆ ತಡಮಾಡದೆಂಬುದು ಅವರ ಲೆಕ್ಕಕ್ಕೆ ಬರಲಿಲ್ಲ. ಇಲ್ಲಿ ಮಾಡು ಬಿಚ್ಚುವುದು ಬೇಸಗೆಯಲ್ಲಿ, ಮುಚ್ಚಬೇಕಾದುದು ಜೂನ್ ಮೊದಲಿಗೆ ಮುಂಚೆ. ಏಪ್ರಿಲ್ ಆದಿಯಲ್ಲಿ ಅರ್ಜಿ ಕೊಟ್ಟವನಿಗೆ ಎರಡು ಮೌನಗಳ ಫಲವಾಗಿ ಅಪ್ಪಣೆ ಸಿದ್ಧಿಸುವಾಗ ಅಂಗಳದಲ್ಲಿ ನೀರು ನಿಂತಿರುತ್ತದೆ. ಕಾನೂನು ಕೊಟ್ಟ ಹಕ್ಕು ಮುಂದಿನ ಬೇಸಗೆಯವರೆಗೆ ಪೆಟ್ಟಿಗೆಯಲ್ಲಿ. ಸೋರುವ ಮಾಡಿನ ಕೆಳಗೆ ಚರಿಗೆ.

ಆದುದರಿಂದ ಗೃಹಸ್ಥರು ದೀಪಾವಳಿಗೇ ಅರ್ಜಿ ಹಾಕಿ, ದಿನಾಂಕದ ರಸೀದಿ ಪಡೆದಿಟ್ಟುಕೊಳ್ಳುವುದು ಲೇಸು. ಪಾಲಿಕೆಯವರೂ ಗೋಡೆಯ ಕ್ಯಾಲೆಂಡರಿನ ಜೊತೆಗೆ ಒಮ್ಮೆ ಆಕಾಶವನ್ನು ನೋಡಿದರೆ ಕಾಯ್ದೆಗೇನೂ ಭಂಗ ಬಾರದು.